ಕಾತ್ಯಾಯಿನಿಯ ಗೇಟಿನ ಮುಂದೆ ನಿಲ್ಲುವ ಕಾರು

ಕಾರು ಕೆಟ್ಟರೆ ಕೆಡಲಿ, ಅದಕ್ಕೂ ವಯಸ್ಸಾಗಿದೆ. ಆದರೆ ಕೆಟ್ಟಾಗಲೆಲ್ಲ ಆ ಕಾತ್ಯಾಯಿನಿಯ ಗೇಟಿನ ಮುಂದೆಯೇ ಏಕೆ ಕೆಡಬೇಕು? ಸತ್ಯಭಾಮಾಳ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೇ.

ವೆಂಕಟಾಚಲ ಅವಳ ಸೋದರಮಾವನ ಮಗ. ನಿಶ್ಚಿತಾರ್ಥವಾಗಿದೆ, ಮದುವೆ ಮಾಘದಲ್ಲಿ. ಭಾನುವಾರ ಬಸವನಗುಡಿಯಿಂದ ಹೊರಟು, ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸಿಕೊಂಡು, ಜಯನಗರದ ಅವಳ ಮನೆಗೆ ಸಲೀಸಾಗಿ ಬರುತ್ತಾನೆ. ತೊಂದರೆಯೆಲ್ಲ ಹೋಗುವಾಗ. ಆಯುಧಪೂಜೆ ಕಳೆದಾಗಿನಿಂದ ಆ ಹಳೇ ಹಸಿರು ಕಾರು ಅವನ ಮನೆಗೆ ಇನ್ನೊಂದೇ ಬೀದಿ ಇರುವಾಗ, ಅದೇ ಗೇಟಿನೆದುರು, ನಿಂತುಬಿಡುತ್ತದೆ. ಆ ಮನೆಯ, ಇನ್ನೂ ಮದುವೆಯಾಗದ ಕಾತ್ಯಾಯಿನಿ ಒಳಗೆ ಕರೆದು ಕಾಫಿ ಕೊಡುತ್ತಾಳಂತೆ. ಕುಡಿದು ಬಂದರೆ ಕಾರು ತಾನಾಗಿಯೇ ಹೊರಡುತ್ತದಂತೆ! ಇದನ್ನೆಲ್ಲ ಅವನೇ ನಗುನಗುತ್ತ ಹೇಳಿದ್ದ. "ಎಂಥ ಡಿಕಾಕ್ಷನ್ನು!" ಎಂದು ಬೇರೆ ಸೇರಿಸಿದ್ದ.

ಮೆಕ್ಯಾನಿಕ್ ಪ್ಲಗ್ಗು ಬದಲಾಯಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಏನೂ ಗುಣ ಕಾಣಲಿಲ್ಲ.

ಈ ಭಾನುವಾರ ಸತ್ಯಭಾಮಾ ದೊಡ್ಡ ಗಣಪತಿ ದರ್ಶನದ ನೆಪ ಹೂಡಿ, ಅಜ್ಜಿಯನ್ನು ಹಿಂದೆ ಕೂರಿಸಿ, ತಾನೂ ಕಾರು ಹತ್ತಿದಳು. ನಿಶ್ಚಿತಾರ್ಥದ ಉಂಗುರ ಬೆರಳಲ್ಲಿರಲಿಲ್ಲ, ಸೆರಗಿನ ಗಂಟಿನಲ್ಲಿತ್ತು. ಇವತ್ತೂ ಅಲ್ಲೇ ನಿಂತರೆ ಅದನ್ನು ಅವನ ಕೈಗಿತ್ತು, ಜಟಕಾ ಹಿಡಿದು ಮನೆಗೆ ಬರುವುದೆಂದು ತೀರ್ಮಾನಿಸಿದ್ದಳು.

ಗೇಟು ಬಂತು. ಕಾರು ಕೆಮ್ಮಿತು, ಮುಗ್ಗರಿಸಿತು, ನಿಂತಿತು.

"ನೋಡಿದ್ಯಾ? ನಾನೇನಾದ್ರೂ ಮಾಡಿದ್ನಾ?"

"ನೀವ್ಯಾಕೆ ಮಾಡ್ತೀರ ಭಾವ? ಕಾರಿಗೇ ಅಭ್ಯಾಸ ಆಗ್ಬಿಟ್ಟಿದೆ."

ವರಾಂಡದಲ್ಲಿ ಕಾತ್ಯಾಯಿನಿ ಎದ್ದು ನಿಂತಳು. ಜರಿಯಂಚಿನ ಸೀರೆ, ಮುಡಿತುಂಬ ಮಲ್ಲಿಗೆ. ಮನೆಯಲ್ಲಿ ಕೂರುವುದಕ್ಕೆ ಇಷ್ಟು ಅಲಂಕಾರವೇ? "ಬನ್ನಿ, ಕಾಫಿ ತರ್ತೀನಿ!" ಎಂದು ಒಳಗೆ ಓಡಿದಳು.

ಸತ್ಯಭಾಮಾಳಿಗೆ ತಡೆಯಲಾಗಲಿಲ್ಲ. "ಪೆಟ್ರೋಲು ಇಲ್ಲಿಗೇ ಮುಗಿಯೋ ಹಾಗೆ ಹಾಕಿಸಿದ್ದೀರೇನೋ!" ಎಂದು ದಡದಡ ಇಳಿದು, ಟ್ಯಾಂಕಿನ ಮುಚ್ಚಳಕ್ಕೆ ಕೈಹಾಕಿದಳು. ಅದು ಕಚ್ಚಿಕೊಂಡಿತ್ತು. ಎರಡೂ ಕೈಯಲ್ಲಿ ತಿರುಗಿಸಿದಾಗ ಟ್ಯಾಂಕು ಸುಸ್ಸೆಂದು ಗಾಳಿಯನ್ನು ಒಳಗೆಳೆದುಕೊಂಡಿತು.

ವೆಂಕಟಾಚಲ ಬೆಚ್ಚಿಬಿದ್ದು ಕೀಲಿ ತಿರುಗಿಸಿದ. ಕಾರು ಮರುಮಾತಿಲ್ಲದೆ ಸ್ಟಾರ್ಟ್ ಆಯಿತು!

ಸತ್ಯಭಾಮಾ ಮುಚ್ಚಳವನ್ನು ತಿರುಗಿಸಿ ನೋಡಿದಳು. ಗಾಳಿಯಾಡಲೆಂದು ಅದರ ನಡುವೆ ಸೂಜಿಮೊನೆಯಷ್ಟು ತೂತು. ಹೊರಮೈಯಲ್ಲಿ ಅದರ ಮೇಲೆ ಗಂಧ, ಕುಂಕುಮ ಕಲ್ಲಿನ ಹಾಗೆ ಕೂತಿತ್ತು. ಆಯುಧಪೂಜೆಯ ದಿನ ಅವಳೇ ಇಟ್ಟ ಬೊಟ್ಟು! ಬರುವಾಗ ಪೆಟ್ರೋಲ್ ಹಾಕಿಸಲು ಮುಚ್ಚಳ ತೆರೆಯುತ್ತಿದ್ದ, ಹೋಗುವಾಗ ತೆರೆಯುತ್ತಿರಲಿಲ್ಲ. ಗಾಳಿ ಸಿಗದೆ ಪೆಟ್ರೋಲು ಇಲ್ಲಿಗೆ ಬರುವಷ್ಟರಲ್ಲಿ ಇಳಿಯುವುದನ್ನೇ ನಿಲ್ಲಿಸುತ್ತಿತ್ತು. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಸಂದಿಯಿಂದ ಒಂದಿಷ್ಟು ಗಾಳಿ ನುಸುಳುತ್ತಿತ್ತು. ವಾರವಾರ ಇವನನ್ನು ಆ ವರಾಂಡಕ್ಕೆ ಕಳಿಸುತ್ತಿದ್ದವಳು ತಾನೇ.

"ಕಾರೆಲ್ಲ ಫಳಫಳ ಅಂತಿದೆ. ಇದೊಂದನ್ನ ಯಾಕೆ ಒರೆಸ್ಲಿಲ್ಲ?"

ಅವನು ಇಳಿದು ಬಂದು ನೆಲ ನೋಡಿದ. "ಮೆಕ್ಯಾನಿಕ್ ಒರೆಸೋಕೆ ಬಂದ, ಬೈದೆ. ನಾನು ತೊಳೆಯುವಾಗ್ಲೂ ನೀರು ಸೋಕಿಸಲ್ಲ."

"ಯಾಕೆ?"

"ನೀನಿಟ್ಟಿದ್ದು. ಇಡುವಾಗ ನಿನ್ನ ಬೆರಳು ನಡುಗ್ತಿತ್ತು."

ಅವಳ ಕಣ್ಣು ತುಂಬಿತು. ಇಂಥವನನ್ನೇ ಬಿಟ್ಟು ಹೋಗಲು ಹೊರಟಿದ್ದಳಲ್ಲ! ಮುಡಿಯಿಂದ ಹೇರ್‌ಪಿನ್ ತೆಗೆದು, ಬೊಟ್ಟು ಅಳಿಸದ ಹಾಗೆ ತೂತನ್ನಷ್ಟೇ ಬಿಡಿಸಿದಳು. ಆಮೇಲೆ ಸೆರಗು ಮುಂದೆ ಹಿಡಿದಳು.

"ಈ ಗಂಟು ಬಿಚ್ಚಿ."

ಬಿಚ್ಚಿದ. ಅಂಗೈಗೆ ಉಂಗುರ ಬಿತ್ತು. ಅವನ ಮುಖ ಬಿಳಿಚಿಕೊಂಡಿತು. "ಸತ್ಯಾ, ಇದ್ಯಾಕೆ ಇಲ್ಲಿ?"

"ಕೇಳ್ಬೇಡಿ ಭಾವ. ಹಾಕಿ."

ಹಿಂದಿನ ಸೀಟಿನಲ್ಲಿ ಅಜ್ಜಿ ಕಣ್ಣು ಮುಚ್ಚಿಕೊಂಡರು. ಅವನು ಉಂಗುರ ತೊಡಿಸುವುದಕ್ಕೂ ಕಾತ್ಯಾಯಿನಿ ಲೋಟ ಹಿಡಿದು ಗೇಟಿಗೆ ಬರುವುದಕ್ಕೂ ಸರಿಹೋಯಿತು. ವೆಂಕಟಾಚಲ ಅಭ್ಯಾಸಬಲದಿಂದ ಕೈ ಚಾಚಿದ.

ಉಂಗುರದ ಕೈ ಅದಕ್ಕಿಂತ ಮುಂಚೆ ಲೋಟ ಹಿಡಿಯಿತು. ಸತ್ಯಭಾಮಾ ಬಿಸಿಬಿಸಿ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದು, ಖಾಲಿ ಲೋಟ ಹಿಂದಿರುಗಿಸಿದಳು.

"ಡಿಕಾಕ್ಷನ್ ನಿಜವಾಗ್ಲೂ ಚೆನ್ನಾಗಿದೆ ಕಣ್ರೀ," ಎಂದಳು. "ಕಾರು ರಿಪೇರಿ ಆಯ್ತು. ಇನ್ಮೇಲೆ ಇಲ್ಲಿ ನಿಲ್ಲಲ್ಲ."