ಮಾಯವ್ವನ ಹಸಿರು ಸೀರೆ

"ನಿಮಗೊಬ್ಬ ತಂಗಿ ಅದಾಳಂತ ನನಗ ಹೇಳೇ ಇಲ್ಲಲ್ರಿ," ಎಂದ ನಾಗಲಿಂಗ.

ಗಂಗಾದೇವಿ ತಂಬಿಗೆಯಿಂದ ಅವನ ಕಾಲಿಗೆ ಹಾಕುತ್ತಿದ್ದ ನೀರು ನೆಲಕ್ಕೆ ಬಿತ್ತು. ಅವಳೊಂದಿಗೆ ಮದುವೆ ಗೊತ್ತಾದ ಮೇಲೆ ಅವನು ಖಾನಾಪುರದಿಂದ ಖಾಸಬಾಗದ ಈ ನೇಕಾರರ ಮನೆಗೆ ಬಂದ ಮೊದಲ ಹಬ್ಬ ಇದು. ಹಂಚಿನ ಕಾರ್ಖಾನೆಯ ಕೆಂಪು ಮಣ್ಣು ಇನ್ನೂ ಅವನ ಉಗುರಿನ ಸಂದಿಯಲ್ಲಿತ್ತು.

"ಎಲ್ಲಿ ನೋಡಿದ್ರಿ?"

"ಆ ಬಾಜೂ ಕಿಟಕ್ಯಾಗ. ಹಸಿರು ಸೀರಿ ಉಟ್ಟಾಳ. ಹಿತ್ತಾಳಿ ತಾಟಿನ್ಯಾಗ ತನ್ನ ಮಾರಿ ನೋಡ್ಕೋತ ನಿಂತಿದ್ಲು. ಖರೇ ಹೇಳಬೇಕಂದ್ರ ನಿಮಗಿಂತ ಒಂದು ಕೈ ಚೆಂದ ಅದಾಳ."

ಹುಬ್ಬೆತ್ತಿ ನಕ್ಕ. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಆದರೆ ಕಟ್ಟೆಯ ಮೇಲೆ ಕುಳಿತಿದ್ದ ಅವ್ವ ನಿಂಗವ್ವ ಅದನ್ನು ಕೇಳಿಸಿಕೊಂಡು ಎದ್ದು ನಿಂತಿದ್ದಳು.

"ಹಸಿರು ಸೀರಿ?" ಎಂದಳು. "ನನ್ನ ಮಾಯವ್ವ ಬಂದಾಳ."

ಅಂದು ಹಿರಿಯರ ಹಬ್ಬ. ಸತ್ತವರಿಗೆ ಕೋಣೆಯಲ್ಲಿ ಎಡೆ ಇಟ್ಟು, ಅವರಿಗೊಂದು ಹೊಸ ಬಟ್ಟೆ ಇಟ್ಟು, ಕದ ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರುವುದು ಈ ಮನೆಯ ಪದ್ಧತಿ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಕದ ಬಡಿದು, ಕೆಮ್ಮಿ, ಆಮೇಲೆ ಒಳಗೆ ಹೋಗಬೇಕು. ಹಾಗೆ ಒಮ್ಮೆಲೇ ಕದ ತೆಗೆಯುವಂತಿಲ್ಲ. ಮನೆಯ ಹಿರಿಯ ಮಗಳು ಮಾಯವ್ವ ಮದುವೆಯ ಹೊಸ್ತಿಲಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಅವಳಿಗೆಂದು ವರ್ಷವೂ ಒಂದು ಹಸಿರು ಸೀರೆ. ಹೋದ ವರ್ಷ ಕದ ತೆಗೆದಾಗ ಆ ಸೀರೆಯ ಮಡಿಕೆ ಬಿಚ್ಚಿತ್ತು, ಅದರಲ್ಲಿ ಮೈಯ ಬಿಸಿ ಇತ್ತು. ಮಗಳು ಸತ್ತಾಗಿನಿಂದ ಒಪ್ಪೊತ್ತು ಉಣ್ಣುತ್ತಿದ್ದ ನಿಂಗವ್ವ ಅಂದಿನಿಂದ ಎರಡು ಹೊತ್ತು ಊಟ ಮಾಡತೊಡಗಿದ್ದಳು.

"ಇದು ಚಲೋ ಅಲ್ಲ ವೈನಿ," ಎಂದ ಕಟ್ಟೆಯ ಆ ತುದಿಯಲ್ಲಿದ್ದ ಅವಳ ಮೈದುನ, ಕಾಕಾ ಬಂಡೆಪ್ಪ. "ಮದವಿ ಆಗದ ಸತ್ತಾಕಿ ತಂಗಿ ಮದವಿಗೆ ಅಡ್ಡ ಬರ್ತಾಳ. ನಾಳೆ ಮಂತ್ರ ಬಲ್ಲವರ್ನ ಕರಸಿ ಆ ಕೋಣಿ ಕದಕ್ಕ ಮೊಳಿ ಹೊಡಸೂಣು. ಸೀರಿ ಸುಡೂಣು."

ಗಂಗಾದೇವಿ ಕೋಣೆಯ ಕಡೆ ನೋಡಿದಳು. ಕಿಟಕಿಯ ಆಚೆ ದೀಪ ಸಣ್ಣಗೆ ಅಲುಗುತ್ತಿತ್ತು. ಒಳಗಿರುವುದು ಯಾರೆಂದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಹೋದ ವರ್ಷದ ಬೇಸಿಗೆಯಲ್ಲಿ, ಮಗ್ಗದ ಸದ್ದು ನಿಂತ ಒಂದು ಮಧ್ಯಾಹ್ನ, ಎಲ್ಲರೂ ಸಿದರಾಯ ಎಂದು ಕರೆಯುವ, ಅವಳ ತಮ್ಮನೆನಿಸಿಕೊಂಡ ಕಿರಿಯ ಜೀವ ಅವಳ ಪಕ್ಕ ಬಂದು ಕುಳಿತು ಹೇಳಿತ್ತು: "ಅಕ್ಕಾ, ಎಲ್ಲಾರೂ ನನ್ನ ಹುಡುಗ ಅಂತಾರ. ನಾ ಅಲ್ಲ. ಸಣ್ಣಾಕಿದ್ದಾಗಿಂದ ನಾ ನಿನ್ನ ತಂಗೀನ." ಗಂಗಾದೇವಿ ಕೇಳಿದ್ದು ಒಂದೇ ಮಾತು: "ಹಂಗಾರ ನಿನ್ನ ಏನಂತ ಕರೀಲಿ?" ಬಾಳವ್ವ, ಎಂದು ಉತ್ತರ ಬಂದಿತ್ತು. ಆ ವಾರವೇ ಗಂಗಾದೇವಿ ಅಳತೆ ತೆಗೆದುಕೊಂಡು ತಂಗಿಗೊಂದು ಕುಪ್ಪಸ ಹೊಲಿದಳು. ಉಡುವುದಕ್ಕೆ ಜಾಗವೆಂದರೆ ಹಿತ್ತಲ ಬಾಗಿಲಿಂದ ಹೊಕ್ಕು, ಕದ ಬಡಿಯುವ ಸದ್ದಿಗೆ ಹೊರಬೀಳಬಹುದಾದ ಈ ಮುಚ್ಚಿದ ಕೋಣೆ, ಸೀರೆಯೆಂದರೆ ಸತ್ತವಳದು.

"ಸ್ವಲ್ಪ ಈ ಕಡೆ ಬರ್ರಿ," ಎಂದು ಅವಳು ನಾಗಲಿಂಗನನ್ನು ಬಾವಿಯ ಹತ್ತಿರ ಕರೆದೊಯ್ದು, ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿದಳು.

ಅವನು ನೆಲ ನೋಡುತ್ತ ಕೇಳಿದ. ನಗು ಹೋಗಿತ್ತು.

"ದೆವ್ವ ಅಂತ ಹೇಳಿ ಸುಮ್ಮನಾಗಿದ್ರ ನಾ ನಂಬತಿದ್ನಿ," ಎಂದ ಕೊನೆಗೆ.

"ನೀವು ನಂಬತಿದ್ರಿ. ಅಕಿ ಸತ್ತಾಕಿ ಆಗೇ ಉಳೀತಿದ್ಲು." ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಿಮ್ಮ ಮನ್ಯಾಗ ಒಪ್ಪಲಿಲ್ಲಂದ್ರ ಈಗ ಹೇಳಿಬಿಡ್ರಿ. ನನಗ ನೀವೂ ಬೇಕು. ಆದ್ರ ಅಕಿನ್ನ ಬಿಟ್ಟು ಬರಾಕ ಆಗೂದಿಲ್ಲ."

ನೀವೂ ಬೇಕು ಎಂಬ ಮಾತು ಬಾಯಿಂದ ಹೊರಟಮೇಲೆ ಅವಳಿಗೆ ನಾಚಿಕೆಯಾಯಿತು. ಅವನು ತಲೆಯೆತ್ತಿದ.

"ಭಟ್ಟಿಯಿಂದ ತಗದ ಹಂಚನ್ನ ಬೆರಳ್ಲೆ ಬಡದು ನೋಡ್ತೇವಿ. ಬಿರುಕು ಇದ್ರ ದನಿ ಒಡದಿರತದ." ಬಗಲಲ್ಲಿದ್ದ ಕಾಗದದ ಕಟ್ಟನ್ನು ಅವಳ ಕೈಗಿಟ್ಟ. ಅವಳಿಗೆಂದು ತಂದ ಹಬ್ಬದ ಸೀರೆ, ಬದನೆಕಾಯಿ ಬಣ್ಣದ್ದು. "ನಿಮ್ಮ ದನಿ ಒಡದಿಲ್ಲ. ಹೋಗ್ರಿ, ಇದನ್ನ ಅಕಿಗೆ ಉಡಸ್ರಿ. ನಮ್ಮ ಮನಿಯವರ ಕೂಡ ನಾ ಮಾತಾಡ್ತೀನಿ."

ಗಂಗಾದೇವಿ ನೇರ ಕೋಣೆಯ ಮುಂದೆ ಹೋಗಿ ಕದಕ್ಕೆ ಕೈ ಹಾಕಿದಳು.

"ಬಡಿ ಮೊದಲ!" ಎಂದ ಕಾಕಾ.

"ಸತ್ತವರಿದ್ರ ಬಡೀತಿದ್ನಿ ಕಾಕಾ."

ಕದ ತೆರೆದು ಒಳಗೆ ಹೋದಳು. ಮತ್ತೆ ಹೊರಗೆ ಬಂದಾಗ ಅವಳ ಕೈಯಲ್ಲಿ ಬಾಳವ್ವನ ಕೈ ಇತ್ತು. ತಂಗಿಯ ಮೈಮೇಲೆ ಬದನೆಕಾಯಿ ಬಣ್ಣದ ಸೀರೆ. ಹಸಿರು ಸೀರೆಯನ್ನು ಇಬ್ಬರೂ ಕೂಡಿ ಮಡಿಸಿ ಕಲಶದ ಮುಂದೆ ಇಟ್ಟು ಬಂದಿದ್ದರು.

"ಸಿದರಾಯ..." ಎಂದು ಶುರು ಮಾಡಿದ ಬಂಡೆಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ನಿಂಗವ್ವ ಕದಲಲಿಲ್ಲ. "ಹಂಗಾರ ಹೋದ ವರ್ಷನೂ... ನನ್ನ ಮಾಯವ್ವ ಬಂದಿದ್ದಿಲ್ಲ?"

"ಇಲ್ಲವ್ವ. ನಾನ ಇದ್ನಿ," ಎಂದಳು ಬಾಳವ್ವ.

ಗಂಗಾದೇವಿ ತಂಗಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವ್ವ ಮೆಲ್ಲಗೆ ಹತ್ತಿರ ಬಂದು, ಆ ಮುಖವನ್ನು ದೀಪದ ಕಡೆಗೆ ತಿರುಗಿಸಿ ನೋಡಿದಳು. ಆಮೇಲೆ ಬಗ್ಗಿ ನೆರಿಗೆ ಸರಿ ಮಾಡಿದಳು.

"ಸೆರಗು ಭಾಳ ಉದ್ದ ಬಿಟ್ಟೀಯವ್ವ. ಮಗ್ಗದಾಗ ಸಿಗತೈತಿ."

ಬಾಳವ್ವ ಅಲ್ಲೇ ಕುಳಿತು ಅವ್ವನ ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿದಳು. ನಾಗಲಿಂಗ ಮುಂದೆ ಬಂದು, "ಅತ್ತೀ, ನನ್ನ ನಾದಿನಿ ಮದವ್ಯಾಗ ನನ್ನ ಚಪ್ಪಲಿ ಮುಚ್ಚಿಡಾಕ ತಯಾರ ಅದಾಳೇನ ಕೇಳ್ರಿ," ಎಂದ. ಅಳುವಿನ ನಡುವೆಯೇ ಒಂದು ನಗು ಕೇಳಿಸಿತು.

ನಿಂಗವ್ವ ಕದವನ್ನು ಮತ್ತೆ ಮುಚ್ಚಿ ಬಂದಳು. ಎಡೆಯ ಹೊತ್ತು ಇನ್ನೂ ಮುಗಿದಿರಲಿಲ್ಲ. ನಾಲ್ವರೂ ಕಟ್ಟೆಯ ಮೇಲೆ ಕುಳಿತರು. ಕತ್ತಲಲ್ಲಿ ಗಂಗಾದೇವಿಯ ಕಿರುಬೆರಳನ್ನು ಮಣ್ಣಿನ ಒರಟು ಬೆರಳೊಂದು ಹುಡುಕಿಕೊಂಡು ಬಂತು. ಅವಳು ಸರಿಸಿಕೊಳ್ಳಲಿಲ್ಲ.

ಆಗ ಒಳಗೆ ಬಳೆ ಸದ್ದಾಯಿತು.

ಗಂಗಾದೇವಿ ತಟ್ಟನೆ ತಂಗಿಯ ಕಡೆ ನೋಡಿದಳು. ಬಾಳವ್ವನ ಎರಡೂ ಕೈ ಅವ್ವನ ಕೈಯಲ್ಲಿದ್ದವು. ಮುಚ್ಚಿದ ಕದದ ಆಚೆ ಹಸಿರು ಸೀರೆಯ ಮಡಿಕೆಗಳು ಒಂದೊಂದಾಗಿ ಬಿಚ್ಚುವ ಸರಸರ ಸದ್ದು. ನಾಗಲಿಂಗ ಕದ ಬಡಿಯಲು ಎದ್ದ.

"ಕುಂದರ್ರಿ ಅಳಿಯಂದ್ರ," ಎಂದಳು ನಿಂಗವ್ವ ಮೆಲ್ಲಗೆ. "ಉಟ್ಕೊಳ್ಳಲಿ. ಈ ಸಲ ಸೀರಿ ಅಕಿಗೇ ಉಳದೈತಿ."