ಕೋಟೇಶ್ವರದ ಉಪ್ಪುನೀರಿನ ಬಾವಿ

ಶನಿವಾರ, 16 ಮೇ 2009, ಬೆಳಿಗ್ಗೆ 10.40. ಲೋಕಸಭೆ ಚುನಾವಣೆಯ ಮತ ಎಣಿಕೆಯ ದಿನ. ಅರ್ಧ ಠಾಣೆ ಬಂದೋಬಸ್ತಿಗೆ ಹೋಗಿತ್ತು, ಉಳಿದರ್ಧ ಟಿವಿಯ ಮುಂದೆ ನಿಂತಿತ್ತು. ಅಂಥ ಹೊತ್ತಿನಲ್ಲಿ ರತನ್ ಎಂಬ ಮನೆ ಬ್ರೋಕರ್ ಬೆವರು ಒರೆಸಿಕೊಳ್ಳುತ್ತಾ ಬಂದು, ಒಂದು ಬಾವಿಗೆ ಯಾರೋ ಉಪ್ಪು ಹಾಕುತ್ತಿದ್ದಾರೆ ಎಂದು ದೂರು ಹೇಳಿದ.

ಸಬ್ ಇನ್‌ಸ್ಪೆಕ್ಟರ್ ಪ್ರವೀಣ್ ತಲೆಯೆತ್ತಿದ. "ಏನು ಹಾಕ್ತಿದಾರೆ?"

"ಉಪ್ಪು ಸರ್. ಅಡುಗೆಗೆ ಹಾಕ್ತೇವಲ್ಲ, ಅದೇ."

ಕೋಟೇಶ್ವರದ ಒಂದು ಕೇರಿಯಲ್ಲಿ ಹಂಚಿನ ಮನೆಯೊಂದು ಮಾರಾಟಕ್ಕಿತ್ತು. ಒಡತಿ ಸುಗುಣ ಮುಂಬೈಯಲ್ಲಿರುವವರು. ತಾಯಿ ತೀರಿಕೊಂಡ ಮೇಲೆ ಮನೆ ಮಾರುವ ಹೊಣೆಯನ್ನು ರತನ್‌ಗೆ ಒಪ್ಪಿಸಿ ಪತ್ರ ಬರೆದುಕೊಟ್ಟಿದ್ದರು. ಬೇಸಿಗೆ ಶುರುವಾದಾಗಿನಿಂದ ಮನೆ ನೋಡಲು ಮೂರು ಪಾರ್ಟಿಗಳು ಬಂದಿದ್ದವು. ಮೂರೂ ಪಾರ್ಟಿಗಳು ಬಾವಿಯ ನೀರು ಬಾಯಿಗೆ ಹಾಕಿ ಉಗುಳಿ ಹೋಗಿದ್ದವು. ನಾಲ್ಕನೆಯವನು ಬ್ಯಾಂಕ್ ನೌಕರ ವಿಶಾಲ್. ಅವನು 12ನೇ ತಾರೀಕು ಮಂಗಳವಾರ ಬಂದು ನೀರು ಕುಡಿದು, ಸಿಹಿ ಎಂದು ಮೆಚ್ಚಿ, ಹೆಂಡತಿಯನ್ನು ಕರೆತರುತ್ತೇನೆ ಎಂದು ಹೋಗಿದ್ದ. 15ನೇ ತಾರೀಕು ಶುಕ್ರವಾರ ಹೆಂಡತಿ ಸ್ವಾತಿಯ ಜೊತೆ ಬಂದಾಗ ಅದೇ ಬಾವಿಯ ನೀರು ಉಪ್ಪು.

"ಆ ಹೆಂಗ್ಸು ನನ್ನನ್ನೇ ಕಳ್ಳನ ಹಾಗೆ ನೋಡಿದ್ರು ಸರ್. ಎರಡು ಸಲ ಪಂಪ್ ಇಟ್ಟು ಬಾವಿ ಖಾಲಿ ಮಾಡ್ಸಿದೇನೆ. ಖಾಲಿ ಮಾಡಿದ್ರೆ ಸಿಹಿ ನೀರೇ ಬರ್ತದೆ. ಪಾರ್ಟಿ ಬಂದ್ರೆ ಉಪ್ಪು."

ಟಿವಿಯ ಮುಂದಿದ್ದವರೂ ಇತ್ತ ತಿರುಗಿದರು. ಪ್ರವೀಣ್ ಗದಗದ ಕಡೆಯವನು, ಇಲ್ಲಿಗೆ ಬಂದು ಹನ್ನೊಂದು ತಿಂಗಳು. ಅವನ ಊರಿನಲ್ಲಿ ಮನೆ ನೋಡಲು ಹೋದವರು ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡುತ್ತಾರೆ. ಇಲ್ಲಿಯವರು ಮೊದಲು ಬಾವಿಕಟ್ಟೆಗೆ ಹೋಗುತ್ತಾರೆ, ಒಂದು ಕೊಡಪಾನ ಎತ್ತಿ ಬೊಗಸೆ ನೀರು ಕುಡಿಯುತ್ತಾರೆ, ಆಮೇಲೆ ಉಳಿದ ಮಾತು. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಹಿನ್ನೀರು ಇರುವಲ್ಲಿ ಅದು ನ್ಯಾಯವೂ ಹೌದು.

"ಒಡತಿಯ ಫೋನ್ ನಂಬರ್ ಕೊಡಿ."

"ಅವರಿಗ್ಯಾಕೆ ಸುಮ್ನೆ ತೊಂದರೆ ಸರ್. ಪತ್ರ ಇದೆಯಲ್ಲ," ಎಂದು ರತನ್ ಪತ್ರವನ್ನೇ ಮುಂದೆ ನೂಕಿದ.

ಅತಿಕ್ರಮ ಪ್ರವೇಶ ಮತ್ತು ಸೊತ್ತಿಗೆ ಹಾನಿ, ಭಾರತೀಯ ದಂಡ ಸಂಹಿತೆ ಕಲಂ 447 ಮತ್ತು 427. ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ "ಅಪರಿಚಿತ" ಎಂದು ಬರೆಯುವಾಗ ರೈಟರ್ ನಗು ತಡೆಯಲಾರದೆ ಕೆಮ್ಮಿದ.

ಮಧ್ಯಾಹ್ನ 2.15ಕ್ಕೆ ಪಂಚನಾಮೆ. ಪ್ರವೀಣನ ಜೊತೆ ಹೆಡ್ ಕಾನ್‌ಸ್ಟೇಬಲ್ ಬಚ್ಚ ದೇವಾಡಿಗ ಬಂದಿದ್ದ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಸುತ್ತಲಿನ ಹತ್ತು ಊರಿನ ಮನೆಮನೆಯೂ ಗೊತ್ತಿದ್ದ ಮನುಷ್ಯ. ಮನೆಯ ಬೀಗ ಭದ್ರವಾಗಿತ್ತು. ಬಾವಿ ಹಿತ್ತಿಲಲ್ಲಿ, ಬೇಲಿಯ ದಣಪೆ ದಾಟಿದರೆ ಯಾರು ಬೇಕಾದರೂ ಹೋಗಬಹುದು. ನೀರು ತಳಕ್ಕಿಳಿದು ಮೊಣಕಾಲುದ್ದ ಉಳಿದಿತ್ತು. ಪ್ರವೀಣ್ ಒಂದು ಬೊಗಸೆ ಬಾಯಿಗೆ ಹಾಕಿ ಮುಖ ಹಿಂಡಿದ.

"ಅಮಾಸಿ, ಹುಣ್ಣಿಮಿ ಉಬ್ಬರಕ್ಕೆ ಹೊಳಿ ನೀರ್ ಏರಿ ಬಾಮಿ ಉಪ್ಪಾಪ್ದ್ ಇತ್ತ್ ಸರ್," ಎಂದ ಬಚ್ಚ. ಇಬ್ಬರೂ ಜಗಲಿಯ ಮೇಲೆ ಕೂತು ಪಂಚಾಂಗ ಬಿಡಿಸಿದರು. ನೀರು ಉಪ್ಪಾದ ದಿನಗಳು ಏಪ್ರಿಲ್ 9, ಏಪ್ರಿಲ್ 22, ಮೇ 3, ಮೇ 15. ಮೊದಲನೆಯದು ಹುಣ್ಣಿಮೆ, ಉಳಿದವಕ್ಕೆ ಚಂದ್ರನ ಹಂಗಿಲ್ಲ. ಬಾವಿ ತೋಡುವ ಗೋಪಿ ಹಗ್ಗ ಹಿಡಿದು ಕೆಳಗಿಳಿದು, ತಳದ ಮೂಲೆಯಿಂದ ಒಂದು ಹಿಡಿ ಎತ್ತಿ ತಂದ. ಕೆಸರಿನ ನಡುವೆ ಇನ್ನೂ ಕರಗದ ಹರಳುಪ್ಪು.

"ಹೊಳಿಯಂಗೆ ಹರಳುಪ್ಪ್ ಬತ್ತಿಲ್ಲ," ಎಂದು ಗೋಪಿ ನಕ್ಕ. ಉಪ್ಪನ್ನು ಬಾಟಲಿಗೆ ಹಾಕಿ, ಪಂಚರ ಸಹಿ ಪಡೆದು, ಅರಗಿನ ಮೊಹರು ಒತ್ತಿದರು.

ಬೀಗದ ಕೈ ಇರುತ್ತಿದ್ದುದು ಪಕ್ಕದ ಮನೆಯ ಪುಷ್ಪಳ ಬಳಿ. ಪಾರ್ಟಿ ಬರುವ ಹಿಂದಿನ ದಿನ ಬೆಳಿಗ್ಗೆ ಏಳೂವರೆಗೆ ರತನ್ ಅವಳಿಗೆ ಫೋನ್ ಮಾಡಿ, ಅಂಗಳ ಗುಡಿಸಿಡಲು ಹೇಳುವುದು ವಾಡಿಕೆ.

"ಪಾರ್ಟಿ ಬರುವುದು ನಿಮ್ಮನ್ನು ಬಿಟ್ಟು ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಇಲ್ಲ."

"ಯಾರ ಹತ್ತಿರವಾದರೂ ಹೇಳಿದ್ರಾ?"

"ಇಲ್ಲ ಸರ್. ನಾನ್ ಎಂತಕ್ಕೆ ಹೇಳ್ಕ್?"

ಪ್ರವೀಣ್ ಅವಳ ಮೇಲೆಯೇ ಒಂದು ಕಣ್ಣಿಟ್ಟ. ಮನೆ ಮಾರಾಟವಾಗದಿದ್ದರೆ ಹಿತ್ತಿಲಿನ ತೆಂಗಿನಕಾಯಿ ಅವಳಿಗೇ ಉಳಿಯುತ್ತದಲ್ಲ ಎಂಬ ಲೆಕ್ಕ ಅವನದು. ಆದರೆ ಅವಳ ಮನೆಯ ಕುಡಿಯುವ ನೀರೂ ಇದೇ ಬಾವಿಯದು. ಉಪ್ಪಾದ ದಿನಗಳಲ್ಲಿ ಪಾಪ, ಅವಳೇ ನಾಲ್ಕು ಮನೆ ಆಚೆಯಿಂದ ಕೊಡ ಹೊತ್ತು ತರುತ್ತಿದ್ದಳು. ರತನ್ ಹೆಸರಿಸಿದ ಎದುರಾಳಿ ಬ್ರೋಕರ್ ಏಪ್ರಿಲ್ ಪೂರ್ತಿ ಕಾಲು ಮುರಿದುಕೊಂಡು ಮಲಗಿದ್ದ. ಭಾನುವಾರ ಸಂಜೆಯ ಹೊತ್ತಿಗೆ ತನಿಖೆ ಹೊರಟಲ್ಲಿಗೇ ಬಂದು ನಿಂತಿತು.

ಕಳ್ಳತನ, ಹೊಡೆದಾಟಗಳ ಫೈಲುಗಳು ಮೇಜಿನ ಮೇಲೆ ಬಿದ್ದಿದ್ದರೂ ಪ್ರವೀಣನ ತಲೆಯಿಂದ ಆ ಒಂದು ಮಂಗಳವಾರ ಇಳಿಯಲಿಲ್ಲ. ನಾಲ್ಕು ಸಲ ಉಪ್ಪು ಹಾಕಿದವರು ಆ ದಿನ ಮಾತ್ರ ಸುಮ್ಮನಿದ್ದರೇಕೆ? ಊರಲ್ಲಿರಲಿಲ್ಲವೇ? ಮರೆತರೇ? ಅಥವಾ ಸುದ್ದಿಯೇ ತಲುಪಲಿಲ್ಲವೇ? ಮಂಗಳವಾರದ ಪಾರ್ಟಿ ಎಂದರೆ ಫೋನ್ ಬಂದದ್ದು ಸೋಮವಾರ. ಸೋಮವಾರ ಏನೋ ಬೇರೆ ಇದ್ದಿರಬೇಕು.

18ನೇ ತಾರೀಕು ಬೆಳಿಗ್ಗೆ 9ಕ್ಕೆ ಅವನು ಮತ್ತೆ ಪುಷ್ಪಳ ಜಗಲಿಯ ಮೇಲಿದ್ದ. ಅಂದೂ ಸೋಮವಾರವೇ.

"ಹೋದ ಸೋಮವಾರ ಎದ್ದಲ್ಲಿಂದ ಏನೇನು ಮಾಡಿದಿರಿ, ಹೇಳಿ."

"ಎಂತ ಮಾಡೂದ್? ಮಿಂದ್ಕಂಡ್ ದೇವಸ್ಥಾನಕ್ಕ್ ಹೋಯ್ ಬಂದೆ. ಸೋಮಾರ ಅಲ್ದಾ, ಅಡ್ಗಿಗೂ ಗಡಿಬಿಡಿ ಇಲ್ಲ. ಈ ಕೇರಿಯಂಗೆ ಸೋಮಾರ ಯಾರೂ ಮೀನ್ ತಿಂತಿಲ್ಲ."

"ಉಳಿದ ದಿನ?"

"ಉಳ್ದ್ ದಿನ ಎಂಟೂವರಿಗೆ ಚಂದ್ರಕ್ಕ ಬತ್ರ್. ಮೀನ್ ತಕಂಡ್, ಕೂಕಂಡ್, ಎಲಿ ಹಾಕಂಡ್ ಒಂದ್ ನಾಲ್ಕ್ ಮಾತಾಡುದ್."

"ಪಾರ್ಟಿ ಬರುವ ಮಾತು ಅವರ ಹತ್ತಿರ ಆಡ್ತೀರಾ?"

"ಚಂದ್ರಕ್ಕನತ್ರ ಹೇಳೂದ್ ಒಂದ್ ಹೇಳೂದಾ ಸರ್? ಅವ್ರ್ ಮೀನಿನೋರ್!"

ಠಾಣೆಗೆ ಮರಳುವ ದಾರಿಯಲ್ಲಿ ಬಚ್ಚ ವಿವರಿಸಿದ. ಚಂದ್ರಮತಿ ಕಡಲ ದಂಡೆಯ ಕೋಡಿ ಎಂಬ ಊರಿನವಳು, ವಯಸ್ಸು ಐವತ್ತರ ಮೇಲೆ, ಗಂಡನಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಕೇರಿಗೆ ಬುಟ್ಟಿ ಹೊತ್ತು ಬರುತ್ತಾಳೆ. ದಿನಾ ಆ ಮನೆಯ ಬಾವಿಕಟ್ಟೆಗೆ ಹೋಗಿ ಮೀನಿಗೆ ನೀರು ಚಿಮುಕಿಸಿ, ತಾನೂ ಕುಡಿದು ಹೋಗುವ ಕ್ರಮ. ಸುಗುಣ ಅವರ ತಾಯಿ ಇದ್ದಾಗಿನಿಂದ ನಡೆದು ಬಂದದ್ದರಿಂದ ಯಾರೂ ಕತ್ತೆತ್ತಿ ನೋಡುವುದಿಲ್ಲ. ಕೋಡಿಯಲ್ಲಿ ಅವಳು ಮೀನು ಒಣಗಿಸುತ್ತಾಳೆ, ಮನೆಯಲ್ಲಿ ಮೂಟೆಗಟ್ಟಲೆ ಹರಳುಪ್ಪು ಇರುತ್ತದೆ.

"ಆದ್ರೂ ಅವ್ರ್ ಅಂಥೋರಲ್ಲ ಸರ್," ಎಂದ ಬಚ್ಚ. ಅವನ ಮನೆಗೂ ಅವಳೇ ಮೀನು ಕೊಡುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ರತನ್ ಪೊಲೀಸರು ಹೇಳಿಕೊಟ್ಟ ಹಾಗೆ ಪುಷ್ಪಳಿಗೆ ಫೋನ್ ಮಾಡಿದ: ನಾಳೆ ಹನ್ನೊಂದಕ್ಕೆ ಪಾರ್ಟಿ ಬರುತ್ತಿದೆ, ಅಂಗಳ ಗುಡಿಸಿಡಿ. ಯಾಕೆಂದು ಅವನಿಗೂ ಹೇಳಿರಲಿಲ್ಲ. ಸೋಮವಾರವೇ ಬಾವಿ ಖಾಲಿ ಮಾಡಿಸಿ ಸಿಹಿ ನೀರು ತುಂಬಲು ಬಿಟ್ಟಿದ್ದರು, ಪೊಲೀಸರ ಮಾತೆತ್ತದೆ ಪಾರ್ಟಿಯ ಸುದ್ದಿ ಮಾತ್ರ ಎಂದಿನಂತೆ ಹೇಳಬೇಕೆಂದು ಪುಷ್ಪಳಿಗೂ ತಾಕೀತು ಮಾಡಿದ್ದರು.

ಬುಧವಾರ, 20 ಮೇ. ಏಳು ಗಂಟೆಗೇ ಪ್ರವೀಣ್, ಬಚ್ಚ, ಮಹಿಳಾ ಕಾನ್‌ಸ್ಟೇಬಲ್ ಚೇತನಾ ಮೂವರೂ ಮನೆಯೊಳಗೆ ಸೇರಿಕೊಂಡು ಹಿಂದಿನ ಕಿಟಕಿಯ ಸಂದಿಗೆ ಕಣ್ಣಿಟ್ಟರು. 8.35ಕ್ಕೆ ದಣಪೆ ಸರಿದ ಸದ್ದಾಯಿತು. ಚಂದ್ರಮತಿ ಬುಟ್ಟಿ ಇಳಿಸಿದಳು. ಮೊದಲು ಒಂದು ಕೊಡಪಾನ ನೀರೆಳೆದು ಮೀನಿಗೆ ಚಿಮುಕಿಸಿದಳು, ಎರಡು ಬೊಗಸೆ ಕುಡಿದಳು. ಆಮೇಲೆ ಬುಟ್ಟಿಯ ತಳದಿಂದ ಪ್ಲಾಸ್ಟಿಕ್ ಚೀಲ ತೆಗೆದು ಬಾಯಿ ಬಿಚ್ಚಿ, ಬಾವಿಕಟ್ಟೆಗೆ ಆತುಕೊಂಡು ನಿಧಾನವಾಗಿ ಸುರಿದಳು. ಅದೂ ಸಾಲದೆಂಬಂತೆ ಕೊಡಪಾನ ಇಳಿಬಿಟ್ಟು ನೀರೆತ್ತಿ ಮತ್ತೆ ಬಾವಿಗೇ ಹೊಯ್ದಳು, ಒಂದಲ್ಲ ಎರಡಲ್ಲ, ಹದಿನೈದು ಸಲ. ಕೊನೆಗೆ ರುಚಿ ನೋಡಿದಳು. ಅಡುಗೆಗೆ ಉಪ್ಪು ಸಾಕಾಯಿತೇ ಎಂದು ನೋಡುವವರ ಮುಖ ಅವಳದಾಗಿತ್ತು.

ಬಚ್ಚ ಹಿಂಬಾಗಿಲು ತೆರೆದ. "ಹ್ವಾಯ್ ಚಂದ್ರಕ್ಕ..."

ಅವಳು ಓಡಲಿಲ್ಲ. ಖಾಲಿ ಚೀಲವನ್ನು ಮಡಚಿ ಕಟ್ಟೆಯ ಮೇಲಿಟ್ಟಳು. "ಮೀನ್ ಹಾಳಾತ್ತ್ ಬಚ್ಚಣ್ಣ. ಪುಷ್ಪಂಗಾರೂ ಕೊಟ್ಟ್ ಬತ್ತೆ," ಎಂದಳು. ಚೇತನಾ ಬುಟ್ಟಿಯನ್ನು ಪುಷ್ಪಳ ಜಗಲಿಗೆ ಮುಟ್ಟಿಸಿ ಬಂದಳು. 8.50ಕ್ಕೆ ದಸ್ತಗಿರಿ ಎಂದು ದಾಖಲಾಯಿತು.

ಠಾಣೆಯಲ್ಲಿ ವಿಚಾರಣೆ 9.40ಕ್ಕೆ ಶುರುವಾಯಿತು.

"ಎಷ್ಟು ಸಲ ಹಾಕಿದಿರಿ?"

"ಇವತ್ತಿಂದ್ ಸೇರಿ ಐದ್ ಸಲ."

"ಹನ್ನೆರಡನೇ ತಾರೀಕು ಯಾಕೆ ಹಾಕಲಿಲ್ಲ?"

"ಸೋಮಾರ ನಾನ್ ಬತ್ತಿಲ್ಲ ಅಲ್ದಾ. ಮಂಗ್ಳಾರ ಬಂದ್ರೆ ಪುಷ್ಪ ಹೇಳ್ತ್, ಇವತ್ತೇ ಪಾರ್ಟಿ ಅಂತ. ಕೈಯಂಗೆ ಉಪ್ಪಿಲ್ಲ."

"ಯಾಕೆ ಹಾಕಿದಿರಿ?"

"ಆ ಮನಿ ನಂಗೆ ಬೇಕಿತ್ತ್ ಅಯ್ಯಾ."

ಉಳಿದದ್ದನ್ನು ಅವಳು ಯಾರೂ ಕೇಳದೆಯೇ ಹೇಳಿದಳು. ಮೂರು ವರ್ಷದಿಂದ ರತನ್ ಅವಳಿಗೆ ಮನೆ ತೋರಿಸುತ್ತಿದ್ದ. ಹನ್ನೊಂದು ಮನೆ. ಒಂದಕ್ಕೆ ದಾರಿಯಿಲ್ಲ, ಒಂದಕ್ಕೆ ಅಣ್ಣತಮ್ಮಂದಿರ ಸಹಿಯಿಲ್ಲ, ಒಂದು ಮಾತು ಮುಗಿದ ಮರುದಿನವೇ ಬೇರೆಯವರ ಪಾಲಾಯಿತು. ಪ್ರತಿ ಸಲವೂ ರಿಕ್ಷಾ ಬಾಡಿಗೆ ಅವಳದು, "ಶನಿವಾರ ಒಡೆಯರು ಬರ್ತಾರೆ" ಎಂಬ ಮಾತು ಅವನದು. ಶನಿವಾರಗಳು ಬಂದವು, ಒಡೆಯರು ಬರಲಿಲ್ಲ. ಈ ಮನೆ ಮಾರಾಟಕ್ಕಿದೆ ಎಂದು ಗೊತ್ತಾದಾಗ ಅವಳೇ ಅವನ ಆಫೀಸಿಗೆ ಹೋಗಿ, ಅವನು ಹೇಳಿದ ಬೆಲೆಗೇ ಒಪ್ಪಿ, ಹತ್ತು ಸಾವಿರ ಟೋಕನ್ ಕೊಟ್ಟಿದ್ದಳು. ರಸೀದಿ ಕೇಳಿದರೆ, ನನ್ನ ಮೇಲೆ ನಂಬಿಕೆಯಿಲ್ಲವೇ ಎಂದು ಅವನೇ ಮುಖ ಊದಿಸಿಕೊಂಡಿದ್ದ. ತಿಂಗಳಾದ ಮೇಲೆ ಬೆಲೆ ಏರಿತು. ಆಮೇಲೆ ಅವನು ಫೋನ್ ಎತ್ತುವುದನ್ನೇ ಬಿಟ್ಟ. ಆದರೆ ಪಾರ್ಟಿಗಳು ಬರತೊಡಗಿದವು.

"ಕೋಡಿಯಂಗೆ ನಮ್ಮನಿ ಬಾಮಿ ನೀರ್ ಬಾಯಿಗ್ ಹಾಕೂಕಾತಿಲ್ಲ. ಹುಟ್ಟಿದಲ್ಲಿಂದ ನೀರ್ ಹೊತ್ತದ್ದೇ. ಇಪ್ಪತ್ತೆರಡ್ ವರ್ಷ ಈ ಬಾಮಿ ನೀರ್ ಕುಡ್ದೆ. ಒಂದಿನ ಆದ್ರೂ ನಂದೇ ಬಾಮಿಯಿಂದ ಒಂದ್ ಕೊಡಪಾನ ಎಳೂಕ್ ಅಂತ ಆಸಿ ಇತ್ತ್."

"ಬೇಕಾದ ಬಾವಿಯನ್ನೇ ಕೆಡಿಸಿದಿರಲ್ಲ?"

"ಕೆಡೂದಿಲ್ಲ ಅಯ್ಯಾ. ನಾಕ್ ಮಳಿ ಬಿದ್ರೆ ಉಪ್ಪ್ ತೊಳ್ದ್ ಹೋತ್ತ್. ಮನಿ ಇನ್ನೊಬ್ರ ಹೆಸ್ರಿಗಾದ್ರೆ ತಿರ್ಗಿ ಬತ್ತಾ?"

ಪ್ರವೀಣ್ ಪೆನ್ನು ಕೆಳಗಿಟ್ಟ. ಅವನಿಗೆ ಸಿಟ್ಟು ಬಂದಿತ್ತು, ಎದುರಿಗೆ ಕೂತವಳ ಮೇಲಲ್ಲ. ಪುಷ್ಪಳಿಂದ ಸುಗುಣ ಅವರ ನಂಬರ್ ತರಿಸಿ 11.20ಕ್ಕೆ ಮುಂಬೈಗೆ ಫೋನ್ ಮಾಡಿದ.

"ಮನೆ ಕೊಳ್ಳುವುದಕ್ಕೆ ಚಂದ್ರಮತಿ ಎಂಬವರು ಕೇಳಿದ್ದು ನಿಮಗೆ ಗೊತ್ತೇನಮ್ಮ?"

"ಗೊತ್ತಿತ್ತಲೆ! ಫೆಬ್ರವರಿಯಲ್ಲೇ ರತನ್‌ಗೆ ಹೇಳಿದ್ದೆ, ಎರಡ್ ಕಾಸ್ ಕಮ್ಮಿ ಆದ್ರೂ ಅಡ್ಡಿಲ್ಲ, ಮೊದ್ಲ್ ಚಂದ್ರಕ್ಕಂಗೆ ಕೊಡಿ ಅಂತ. ನಮ್ಮಮ್ಮನ ಕಡೆಗಾಲದಲ್ಲಿ ದಿನಾ ಬಂದ್ ಮಾತಾಡ್ಸಿದೋರ್ ಅವ್ರ್. ಅವ್ರೇ ಬೇಡ ಅಂದ್ರ್ ಅಂತ ರತನ್ ಹೇಳಿದ್ದಲೆ?"

"ಬೇಡ ಅಂದಿಲ್ಲಮ್ಮ. ಟೋಕನ್ ಕೂಡ ಕೊಟ್ಟಿದ್ದಾರೆ."

ಆಕೆಗೆ ಟೋಕನ್ನಿನ ಸುದ್ದಿಯೇ ಇರಲಿಲ್ಲ. ಹೊರಗಿನ ಪಾರ್ಟಿಗೆ ಎರಡು ಲಕ್ಷ ಹೆಚ್ಚು ಹೇಳಿ, ನಡುವಿನದನ್ನು ತಾನೇ ನುಂಗುವ ರತನ್‌ನ ಏರ್ಪಾಡು ಎರಡು ಮಾತಿನಲ್ಲಿ ಬಯಲಾಯಿತು. ಆಮೇಲೆ ಸುಗುಣ, ಪೊಲೀಸರು ಇದನ್ನೆಲ್ಲ ಕೇಳುತ್ತಿರುವುದೇಕೆ ಎಂದರು. ಮನೆಯ ಒಡತಿಗೆ ಹೇಳದೆ ಇರುವಂತಿರಲಿಲ್ಲ. ಪ್ರವೀಣ್ ಹೇಳಿದ.

"ನಮ್ಮಮ್ಮನ ಬಾಯಿಗ್ ಕಡಿ ನೀರ್ ಬಿಟ್ಟದ್ದ್ ಆ ಬಾಮಿದ್ ಸರ್," ಎಂದರು ಸುಗುಣ. "ಅದಕ್ಕೇ ಉಪ್ಪ್ ಹಾಕ್ರ್ ಅಂದ್ರೆ, ಇನ್ ಅವ್ರಿಗ್ ಕೊಡೂಕೆ ನಂಗ್ ಮನ್ಸಿಲ್ಲ."

ಮಧ್ಯಾಹ್ನ 12.30ಕ್ಕೆ, ದೂರು ಕೊಟ್ಟವನನ್ನೇ ಬಚ್ಚ ಆಫೀಸಿನಿಂದ ಎಬ್ಬಿಸಿ ಕರೆತಂದ. ಚಂದ್ರಮತಿಯ ಹೇಳಿಕೆ ಮತ್ತು ಸುಗುಣ ಅವರ ಮಾತಿನ ಮೇಲೆ ವಂಚನೆಯ ಇನ್ನೊಂದು ಎಫ್‌ಐಆರ್, ಕಲಂ 420. ಆಫೀಸಿನಲ್ಲಿ ಸಿಕ್ಕ ಡೈರಿಯಲ್ಲಿ ಟೋಕನ್ ಬಾಬ್ತು ಅವನದೇ ಕೈಬರಹದಲ್ಲಿತ್ತು. "ನಾನು ಕಂಪ್ಲೇಂಟ್ ಕೊಟ್ಟವ ಸರ್," ಎಂದು ಅವನು ಮೂರು ಸಲ ಹೇಳಿದ. ಹೌದು ಎಂದು ರೈಟರ್ ಮೂರು ಸಲವೂ ಒಪ್ಪಿಕೊಂಡು, ಲಾಕಪ್ಪಿನ ಬಾಗಿಲು ಎಳೆದುಕೊಂಡ.

ಚಂದ್ರಮತಿಯದು ಜಾಮೀನು ಸಿಗುವ ಕಲಂ. ಅವಳು ಹೆಬ್ಬೆಟ್ಟು ಒತ್ತಿ ಎದ್ದಳು. ಹೋಗಬಹುದಿತ್ತು, ಹೋಗದೆ ನಿಂತಳು.

"ಸುಗುಣಮ್ಮ ಎಂತ ಹೇಳ್ರ್ ಅಯ್ಯಾ?"

ಪ್ರವೀಣನಿಗೆ ಸುಳ್ಳು ಹೇಳುವ ಆಸೆಯಾಯಿತು. ಆದರೆ ಮೂರು ವರ್ಷ ಸುಳ್ಳನ್ನೇ ಕೇಳಿದವಳಿಗೆ ತಾನೂ ಒಂದು ಸೇರಿಸುವುದು ಬೇಡ ಎನಿಸಿ, ಇದ್ದದ್ದು ಇದ್ದ ಹಾಗೆ ಹೇಳಿದ. ಮನೆ ಫೆಬ್ರವರಿಯಿಂದಲೂ ಅವಳಿಗೇ ಎಂದು ಇದ್ದದ್ದನ್ನು ಹೇಳಿದ, ಇನ್ನು ಇಲ್ಲ ಎಂಬುದನ್ನೂ ಹೇಳಿದ.

ಚಂದ್ರಮತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಸಮ," ಎಂದಳು. "ನಾನಾದ್ರೂ ಕೊಡ್ತಿರ್ಲಿಲ್ಲ."

ಅವಳು ಮೆಟ್ಟಿಲಿಳಿದು ಹೋದ ಮೇಲೆ ಪ್ರವೀಣ್ ಕೇಸ್ ಡೈರಿ ಎಳೆದುಕೊಂಡ. ದಿನಾಂಕ ಬರೆದ, ಸಮಯ ಬರೆದ. ಕೃತ್ಯದ ಉದ್ದೇಶ ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿ, ಆಮೇಲೆ ಬರೆದ: ಮನೆ ಕೊಳ್ಳುವುದು.