ಪಟಾಕಿಯ ಹದಿನಾರು ಏಟು

ಢಮ್! ಢಮ್! ಢಮಾರ್!

"ನಿಲ್ಸು, ನಿಲ್ಸು!" ಬ್ಯಾಂಡ್ ಮೇಷ್ಟ್ರು ಕಿವಿ ಮುಚ್ಚಿಕೊಂಡರು. "ಅಲ್ಲಮ್ಮಾ ಪಟಾಕಿ, ಪೇಪರ್‌ನಲ್ಲಿ ಏನು ಬರೆದಿದೆ, ಓದು."

"ಕ್ರೆಸೆಂಡೊ ಸರ್."

"ಹಾಗಂದ್ರೆ?"

"ಜೋರಾಗಿ ಸರ್!"

ಕೊಳಲಿನವರು ಕಿಸಕ್ಕನೆ ನಕ್ಕರು.

"ಜೋರು ಅಲ್ಲ, ಜೋರಾಗ್ತಾ ಹೋಗೋದು. ಹದಿನಾರು ಏಟು. ಒಂದಕ್ಕಿಂತ ಒಂದು ಇಷ್ಟೇ ಇಷ್ಟು ಹೆಚ್ಚು. ಮೊದಲನೇದಕ್ಕೇ ಛಾವಣಿ ಹಾರಿಸಿದ್ರೆ ಆಮೇಲೆ ಏನು ಮಾಡ್ತೀಯ? ನಾಳೆ ಸಂಜೆ ಪ್ರೋಗ್ರಾಂ. ಬೆಳಗ್ಗೆ ಇನ್ನೊಂದ್ಸಲ ಕೇಳ್ತೀನಿ. ಆಗ್ಲೂ ಹೀಗೇ ಆದ್ರೆ ಡ್ರಮ್ ಬೇರೆಯವರಿಗೆ."

ಪಟಾಕಿಯ ಅಸಲಿ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಅವಳಿಗೆ ಖುಷಿಯಾದರೂ ಜೋರು, ಸಿಟ್ಟು ಬಂದರೂ ಜೋರು. ಅವತ್ತು ಮಾತ್ರ ಕೋಲುಗಳನ್ನು ಮೆಲ್ಲಗೆ ಚೀಲಕ್ಕೆ ಹಾಕಿ ಮನೆಗೆ ನಡೆದಳು. ಮೂರು ತಿಂಗಳು ಕಲಿತ ಡ್ರಮ್!

ಪಟಾಕಿಯ ಅಮ್ಮ ಟೈಲರ್. ಮನೆಯಲ್ಲಿ ಮಗಳದೇ ಬ್ಯಾಂಡ್ ಕೋಟು ಹೊಲಿಯುತ್ತಿದ್ದಳು. ಪಟಾಕಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಸರಿ, ಮುಖ ಊದಿಸ್ಬೇಡ. ಬಾ, ಈ ತೋಳು ನೀನೇ ಹೊಲಿ."

ಪಟಾಕಿ ಪೆಡಲ್ ಒತ್ತಿದಳು. ಗರ್ರ್... ಫಟ್! ದಾರ ಕಿತ್ತುಹೋಯಿತು.

"ಅಯ್ಯೋ, ಅದೇನು ಅವಸರ ನಿಂಗೆ? ಕಾಲಿಟ್ಟಿದ್ದು ಮೆಷಿನ್‌ಗೇ ಗೊತ್ತಾಗಬಾರದು, ನೋಡು." ಅಮ್ಮ ಬೇರೆ ದಾರ ಪೋಣಿಸಿ, ಅವಳ ಕಾಲಿನ ಮೇಲೆ ತನ್ನ ಕಾಲಿಟ್ಟಳು.

ಟಿಕ್. ಟಿಕ್. ಕಾಲು ಕೂದಲೆಳೆಯಷ್ಟು ಇಳಿಯಿತು. ಟಿಕ್ ಟಿಕ್. ಇನ್ನೊಂದು ಕೂದಲೆಳೆ. ಟಿಕ್‌ಟಿಕ್‌ಟಿಕ್... ಅರ್ಧ ತೋಳಿಗೆ ಬರುವಷ್ಟರಲ್ಲಿ ಮೆಷಿನ್ ಮೇಜನ್ನೇ ನಡುಗಿಸುತ್ತಿತ್ತು!

"ಅಮ್ಮಾ! ಇದೇ! ಇದೇ ಅದು! ಇನ್ನೊಂದ್ಸಲ ಮಾಡು!"

"ಮಾಡೋಣ. ಆದ್ರೆ ನಿಂಗೆ ಇರೋದು ಎರಡೇ ತೋಳು!"

ಬೆಳಗ್ಗೆ ಮೇಷ್ಟ್ರ ಮುಂದೆ ಒಂಬತ್ತು ಏಟು ಸರಿಯಾಗಿ ಬಂದವು. ಹತ್ತನೆಯದಕ್ಕೆ ಕೈ ತಡೆಯಲಿಲ್ಲ. ಢಮಾರ್!

"ಒಂಬತ್ತು ಬಂತಲ್ಲ, ಭೇಷ್," ಎಂದರು ಮೇಷ್ಟ್ರು. "ಡ್ರಮ್ ನಿಂದೇ. ಸಂಜೆ ಹದಿನಾರೂ ಬೇಕು."

ಸಂಜೆ ಹಾಲ್ ತುಂಬಿತ್ತು. ಪಟಾಕಿಯ ಎದೆಯೇ ಮೊದಲು ಡ್ರಮ್ ಬಾರಿಸುತ್ತಿತ್ತು. ಅವಳು ಕೋಲನ್ನು ಮೆಲ್ಲಗೆ ತಾಗಿಸಿದಳು. ಒಂದು. ಹಿಂದಿನ ಸಾಲಿನವರು ಮಾತು ನಿಲ್ಲಿಸಿ ಕತ್ತು ಚಾಚಿದರು. ಎರಡು. ಮೂರು. ಅಬ್ಬಾ, ಎಲ್ಲರೂ ಅವಳ ಡ್ರಮ್ಮನ್ನೇ ಕೇಳುತ್ತಿದ್ದಾರೆ!

ಹತ್ತಕ್ಕೆ ಕೈ ತುರಿಸಿತು. ಬಾರಿಸಿಬಿಡಲಾ?

ಆಗ ಮುಂದಿನ ಸಾಲಿನಲ್ಲಿ ಅಮ್ಮ ಕಂಡಳು. ಅವಳ ಬಲಗಾಲು ಅವಳಿಗೇ ಗೊತ್ತಿಲ್ಲದೆ ನೆಲವನ್ನು ಒತ್ತುತ್ತಿತ್ತು, ಮೆಲ್ಲಗೆ, ಕೂದಲೆಳೆಯಷ್ಟು.

ಪಟಾಕಿ ಹತ್ತನೇ ಏಟು ಹಾಕಿದಳು, ಒಂಬತ್ತಕ್ಕಿಂತ ಇಷ್ಟೇ ಇಷ್ಟು ಹೆಚ್ಚು. ಹನ್ನೊಂದನೇದು, ಹತ್ತಕ್ಕಿಂತ ಇಷ್ಟೇ ಇಷ್ಟು ಹೆಚ್ಚು.

ಇನ್ನೂ ಐದು ಉಳಿದಿದ್ದವು.